ಕಾಣದ ಕಿರಣಗಳ ಅಳತೆ

ಮಕ್ಕಳೇ, ವಾಗದರಿಯಲ್ಲಿ ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಅಕ್ಕಲಕೋಟಕ್ಕೋ ಸೊಲ್ಲಾಪುರಕ್ಕೋ ಕರೆದೊಯ್ದು ಎಕ್ಸ್-ರೇ ತೆಗೆಸುತ್ತಾರೆ. ಎಕ್ಸ್-ರೇ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ಇಂಥ ಕಾಣದ ಕಿರಣಗಳಿಗೆ ವಿಕಿರಣ ಎನ್ನುತ್ತಾರೆ. ಸ್ವಲ್ಪ ತಗಲಿದರೆ ಭಯವಿಲ್ಲ. ಬಹಳ ತಗಲಿದರೆ ರೋಗ ಬರುತ್ತದೆ. ಆದ್ದರಿಂದ ಎಷ್ಟು ತಗಲಿತು ಎಂಬ ಲೆಕ್ಕ ಬೇಕು. ಲೆಕ್ಕ ಏಕೆ ಬೇಕೆಂಬುದನ್ನು ಹಡಗುಗಳ ಒಂದು ನಿಜ ಸಂಗತಿಯಿಂದ ತಿಳಿಯೋಣ.

ಪೆಸಿಫಿಕ್ ಮಹಾಸಾಗರದಲ್ಲಿ ಬಿಕಿನಿ ಎಂಬ ಚಿಕ್ಕ ದ್ವೀಪಗಳಿವೆ. 1946ರ ಜುಲೈ 25ರಂದು ಅಮೇರಿಕೆಯವರು ಅಲ್ಲಿ ನೀರಿನೊಳಗೆ ಅಣುಬಾಂಬು ಸಿಡಿಸಿದರು. ಪರೀಕ್ಷೆಗೆಂದು ಸುತ್ತಲೂ ಜನರಿಲ್ಲದ ಹಡಗುಗಳನ್ನು ನಿಲ್ಲಿಸಿದ್ದರು. ಮುಗಿಲೆತ್ತರ ಚಿಮ್ಮಿದ ನೀರು ಆ ಹಡಗುಗಳ ಮೇಲೆ ಸುರಿಯಿತು. ಅದರಲ್ಲಿ ವಿಕಿರಣ ಸೂಸುವ ಕಣಗಳಿದ್ದವು.

ನಂತರ ನಾವಿಕರು ಹಡಗುಗಳನ್ನು ಸಾಬೂನು ಹಚ್ಚಿ ತಿಕ್ಕಿ ತೊಳೆದರು. ಹಡಗು ಸ್ವಚ್ಛವಾಗಿ ಕಂಡಿತು. ಆದರೆ ವಿಕಿರಣ ಅಳೆಯುವ ಗೈಗರ್ ಯಂತ್ರ ಟಕ್ ಟಕ್ ಎನ್ನುತ್ತಲೇ ಇತ್ತು. ಕಣಗಳು ಬಣ್ಣದಲ್ಲಿಯೂ ತುಕ್ಕಿನಲ್ಲಿಯೂ ಅಂಟಿಕೊಂಡಿದ್ದವು. ನಾವಿಕರು ಮಲಗುತ್ತಿದ್ದ ಹಡಗುಗಳೂ ಅದೇ ನೀರಿನಲ್ಲಿ ನಿಂತಿದ್ದವು. ಅವುಗಳ ತಳದ ಪಾಚಿಯಲ್ಲಿಯೂ ಕಣಗಳು ಸೇರಿದವು.

ಕೆಲವು ನಾವಿಕರಿಗೆ ಮಾತ್ರ ಫಿಲ್ಮ್ ಬ್ಯಾಜ್ ಕೊಟ್ಟಿದ್ದರು. ವಿಕಿರಣ ಹೆಚ್ಚು ತಗಲಿದಂತೆ ಅದರೊಳಗಿನ ಫಿಲ್ಮ್ ಹೆಚ್ಚು ಕಪ್ಪಾಗುತ್ತಿತ್ತು. ಬ್ಯಾಜ್ ಇಲ್ಲದವರ ಲೆಕ್ಕ ಉಳಿಯಲಿಲ್ಲ.

ಸುರಕ್ಷತೆಯ ಮುಖ್ಯಸ್ಥರಾದ ಡಾ. ಸ್ಟಾಫರ್ಡ್ ವಾರೆನ್ ಅವರು ಕೆಲಸ ನಿಲ್ಲಿಸಬೇಕೆಂದು ಹೇಳಿದರು. ಕಾಣದ ಅಪಾಯವನ್ನು ಅಧಿಕಾರಿಗಳು ಬೇಗನೆ ನಂಬಲಿಲ್ಲ. ಆಗ ವಾರೆನ್ ಒಂದು ಚಿತ್ರ ತೋರಿಸಿದರು. ಅಲ್ಲಿ ಹಿಡಿದ ಮೀನನ್ನು ಫೋಟೋ ಫಿಲ್ಮಿನ ಮೇಲೆ ಇಟ್ಟಿದ್ದರು. ಕ್ಯಾಮರಾ ಇಲ್ಲ, ಬೆಳಕೂ ಇಲ್ಲ. ಆದರೂ ಮೀನಿನ ಆಕಾರ ಫಿಲ್ಮಿನಲ್ಲಿ ಮೂಡಿತ್ತು! ಮೀನಿನ ಮೈಯೊಳಗೆ ಸೇರಿದ್ದ ಕಣಗಳ ವಿಕಿರಣವೇ ಆ ಚಿತ್ರ ಮೂಡಿಸಿತ್ತು. ಆಗಸ್ಟ್ 10ರಂದು ತೊಳೆಯುವ ಕೆಲಸ ನಿಂತಿತು.

ಈಗ ನಮ್ಮ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರು ಎದೆಯ ಮೇಲೆ ಟಿ.ಎಲ್.ಡಿ. ಬ್ಯಾಜ್ ಧರಿಸುತ್ತಾರೆ. ಅದರಲ್ಲಿ ಚಿಕ್ಕ ಬಿಲ್ಲೆಗಳಿರುತ್ತವೆ. ಅವನ್ನು ಕಾಯಿಸಿದಾಗ ಬೆಳಕು ಹೊರಡುತ್ತದೆ. ಆ ಬೆಳಕನ್ನು ಅಳೆದು, ಎಷ್ಟು ವಿಕಿರಣ ತಗಲಿದೆ ಎಂದು ತಿಳಿಯುತ್ತಾರೆ. ಕೆಲಸಗಾರರಿಗೆ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್‌ಗಿಂತ ಹೆಚ್ಚು ತಗಲಬಾರದೆಂಬ ನಿಯಮವಿದೆ.

ಕರ್ನಾಟಕದ ಕಾರವಾರ ತಾಲೂಕಿನ ಕೈಗಾದಲ್ಲಿ ಅಣುವಿದ್ಯುತ್ ಕೇಂದ್ರವಿದೆ. ಅಲ್ಲಿ ಜನರ ಬ್ಯಾಜ್‌ಗಳನ್ನಷ್ಟೇ ಅಲ್ಲ, ಸುತ್ತಲಿನ ನೀರು, ಮಣ್ಣು, ಹಾಲು, ಮೀನುಗಳನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಕಾಣದ್ದು ಇಲ್ಲವೇ ಇಲ್ಲ ಎಂದು ತಿಳಿಯಬಾರದು. ಅಳೆದು ನೋಡಬೇಕು, ಅಳತೆ ಹೇಳಿದ್ದನ್ನು ಕೇಳಬೇಕು.

ಸ್ವಾಧ್ಯಾಯ
1. ತೊಳೆದ ಹಡಗು ಸ್ವಚ್ಛವಾಗಿ ಕಂಡರೂ ಗೈಗರ್ ಯಂತ್ರ ಏಕೆ ಸದ್ದು ಮಾಡುತ್ತಿತ್ತು?
2. ಮೀನಿನ ಚಿತ್ರ ಹೇಗೆ ಮೂಡಿತು?
3. ಎಲ್ಲ ನಾವಿಕರಿಗೂ ಬ್ಯಾಜ್ ಏಕೆ ಕೊಡಬೇಕಾಗಿತ್ತು? ನಿಮ್ಮ ಮಾತಿನಲ್ಲಿ ಬರೆಯಿರಿ.

ಉಪಕ್ರಮ: ಕಣ್ಣಿಗೆ ಕಾಣದಿದ್ದರೂ ಉಪಕರಣದಿಂದ ಅಳೆಯಬಹುದಾದ ಸಂಗತಿಗಳ ಯಾದಿ ಮಾಡಿರಿ. ಉದಾ. ಜ್ವರ.