ಪ್ರವಾಸ ಹೊರಡುವ ಮುನ್ನ

"ಫಾದರ್, ಎರಡು ದಿನ ರಜೆ ಇದೆ. ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ?" ಎಂದು ಧರ್ಮಕೇಂದ್ರದ ಜನ ಆಗಾಗ ಕೇಳುತ್ತಾರೆ. ಹಾಸನದ ಕಡೆ ಹೋಗಿ ಬನ್ನಿ ಎನ್ನುತ್ತೇನೆ. ಚರ್ಚು, ದೇವಸ್ಥಾನ, ಬಸದಿ, ಕಾಡು ಎಲ್ಲವೂ ಅಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಆದರೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಅಲ್ಲಿಗೆ ನಾವು ಯಾರಾಗಿ ಹೋಗುತ್ತಿದ್ದೇವೆ?

ಕೆಲವು ವರ್ಷಗಳ ಹಿಂದೆ ನಮ್ಮ ಯುವಜನರೊಂದಿಗೆ ಶೆಟ್ಟಿಹಳ್ಳಿಗೆ ಹೋಗಿದ್ದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಸರ ಮಾತೆಯ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು, ಜನ ಊರು ಬಿಟ್ಟರು, ಚರ್ಚು ಮಾತ್ರ ಉಳಿಯಿತು. ಮಳೆಗಾಲದಲ್ಲಿ ನೀರಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಯಲಾಗುತ್ತದೆ. ಪೀಠವಿದ್ದ ಕಡೆ ಒಡೆದ ಬಾಟಲಿಗಳು, ಗೋಡೆಯ ಮೇಲೆ ಪ್ರೇಮಿಗಳ ಹೆಸರುಗಳು. ನಮ್ಮ ಹುಡುಗರಿಗೆ ಸಿಟ್ಟು ಬಂತು. "ಜನ ದೀಕ್ಷಾಸ್ನಾನ ಪಡೆದ, ಮದುವೆಯಾದ ಜಾಗವಲ್ಲವೇ ಫಾದರ್?" ಎಂದ ಒಬ್ಬ.

ಮಧ್ಯಾಹ್ನ ಬೇಲೂರಿಗೆ ಬಂದೆವು. ಚೆನ್ನಕೇಶವ ದೇವಸ್ಥಾನದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಜನ ಕೈಮುಗಿದು ನಿಂತಿದ್ದರೆ, ಅದೇ ಹುಡುಗ ಮದನಿಕೆಯ ಭಂಗಿಯಲ್ಲಿ ನಿಂತು, ಜೋರಾಗಿ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದ. ಪಕ್ಕಕ್ಕೆ ಕರೆದು, "ಬೆಳಿಗ್ಗೆ ನಿನಗೆ ಸಿಟ್ಟು ಬಂದದ್ದು ಯಾಕೆ?" ಎಂದೆ. ಅವನು ತಲೆ ತಗ್ಗಿಸಿದ. ತಪ್ಪು ಅವನೊಬ್ಬನದಲ್ಲ. ಗಡಿಯಾರ ನೋಡಿ ಅವಸರ ಮಾಡಿದ ನಾನು, ಒಳಗೆ ಹೋಗುವ ಮುನ್ನ ಅವರಿಗೆ ಒಂದು ಮಾತೂ ಹೇಳಿರಲಿಲ್ಲ.

"ದೇವಸ್ಥಾನಕ್ಕೆ ಹೋದರೆ ಪಾಪವೇ?" ಎಂದು ಕೆಲವರು ಅಳುಕುತ್ತಾರೆ. ಆರಾಧನೆ ಬೇರೆ, ಗೌರವ ಬೇರೆ. ನಮ್ಮ ಆರಾಧನೆ ಯಾರಿಗೆ ಸಲ್ಲಬೇಕೆಂಬುದು ನಮಗೆ ಗೊತ್ತಿದೆ. ನೆಂಟರ ಮನೆಗೆ ಹೋದಂತೆ ಮರ್ಯಾದೆಯಿಂದ ಹೋಗಿ ನೋಡಿ, ತಿಳಿದು ಬರುವುದರಿಂದ ವಿಶ್ವಾಸ ಕುಂದುವುದಿಲ್ಲ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನ ವಿಷ್ಣುಭಕ್ತ. ಅವನ ರಾಣಿ ಶಾಂತಲೆ ಜೈನಳು. ಮಕ್ಕಳಿಗೆ ಇದನ್ನೂ ಹೇಳಿ.

ಇನ್ನು ಯೋಜನೆ. ಮಳೆ ನಿಂತು ನೀರು ಇಳಿದ ತಿಂಗಳುಗಳು ಒಳ್ಳೆಯವು. ಶನಿವಾರ ಬೆಳಿಗ್ಗೆ ಹಾಸನದಿಂದ ಶೆಟ್ಟಿಹಳ್ಳಿ. ಗೋಡೆಗಳು ಶಿಥಿಲವಾಗಿವೆ, ಹತ್ತಬೇಡಿ. ಅಲ್ಲಿ ಬಾಳಿದವರಿಗಾಗಿ ಒಂದು ಜಪ ಹೇಳಿ. ಅಲ್ಲಿಂದ 1117ರಲ್ಲಿ ಪ್ರತಿಷ್ಠೆಯಾದ ಬೇಲೂರು, ಬಳಿಕ ಸುಮಾರು 16 ಕಿ.ಮೀ. ದೂರದ ಹಳೇಬೀಡು. ಅಲ್ಲಿ ಬಸದಿಗಳನ್ನು ಮರೆಯಬೇಡಿ. ಈ ಹೊಯ್ಸಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಭಾನುವಾರ ಹಾಸನದಲ್ಲಿ ಬಲಿಪೂಜೆ ಮುಗಿಸಿಯೇ ಸಕಲೇಶಪುರದ ದಾರಿ ಹಿಡಿಯಿರಿ. ಮುಂದೆ ಬಿಸಿಲೆಯ ಕಾಡು. ಅದೂ ದೇವರ ಮನೆಯೇ. ಟೇಪ್ ಹಾಡು ನಿಲ್ಲಿಸಿ, ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಭೂಮಿ ನಮ್ಮೆಲ್ಲರ ಮನೆ ಎಂದು ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದರು. ಆ ಮನೆಯಲ್ಲಿ ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

ಎರಡು ದಿನಕ್ಕೆ ಇಷ್ಟು ಸಾಕು. ಪಟ್ಟಿ ಉದ್ದವಾದಷ್ಟೂ ನೋಟ ಗಿಡ್ಡವಾಗುತ್ತದೆ.

ಮನೆಯಲ್ಲಿ ಮಾತಾಡಿಕೊಳ್ಳಿ:
1. ನಮ್ಮ ಚರ್ಚಿಗೆ ಬರುವ ಪರಧರ್ಮೀಯರು ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೇವೆ? (ಮತ್ತಾಯ 7:12 ಓದಿ.)
2. ಕಳೆದ ಪ್ರವಾಸದಲ್ಲಿ ನಾವು ಹಾಗೆ ನಡೆದುಕೊಂಡೆವೇ?