ಪಾಚಿಗೆ ಊಟ ಹಾಕಬೇಡಿ

ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ಮಳೆ ಕೈಕೊಟ್ಟಾಗ ಮೆಣಸಿನಗಿಡ ಉಳಿಸುವ ನೀರದು. ಅದು ಹಸಿರುಗಟ್ಟಿತೆಂದು ಔಷಧಿಗೆ ಓಡಬೇಡಿ. ಪಾಚಿ ಏನು ತಿಂದು ಬೆಳೆಯುತ್ತಿದೆ, ಮೊದಲು ನೋಡಿ.

ಬಿಸಿಲು, ಸಾರಜನಕ, ರಂಜಕ ಸಿಕ್ಕರೆ ಪಾಚಿ ಕೊಬ್ಬುತ್ತದೆ. ಯೂರಿಯಾ, ಡಿಎಪಿ ಹಾಕಿದ ಹೊಲದ ನೀರು, ತಿಪ್ಪೆಯ ಬಸಿನೀರು ನೇರ ಹೊಂಡಕ್ಕಿಳಿಯದಿರಲಿ. ನೀರು ಒಳಬರುವ ಕಡೆ ಹೂಳು ನಿಲ್ಲುವ ಗುಂಡಿ, ಸುತ್ತ ಹುಲ್ಲಿನ ಪಟ್ಟಿ ಮಾಡಿ. ಸಾಧ್ಯವಾದರೆ ನೆರಳು ಪರದೆ ಕಟ್ಟಿ. ಆವಿಯಾಗುವ ನೀರೂ ಉಳಿಯುತ್ತದೆ.

ನೂಲಿನಂತೆ ತೇಲುವ ಪಾಚಿಯನ್ನು ಬಲೆಯಿಂದ ಎಳೆದು ದೂರ ಹಾಕಿ. ದಂಡೆಯಲ್ಲೇ ಬಿಟ್ಟರೆ ಕೊಳೆತು ಮತ್ತೆ ನೀರಿಗೇ ಗೊಬ್ಬರ. ಪಂಪಿನ ಫುಟ್‌ವಾಲ್ವ್, ಮೇಲೆ ತೇಲುವ ಪಾಚಿಗೂ ತಳದ ಕೆಸರಿಗೂ ತಾಗದಂತೆ ನಡುನೀರಿನಲ್ಲಿರಲಿ. ಹೊಂಡದ ನೀರನ್ನು ಡ್ರಿಪ್‌ಗೆ ಬಿಡುವಾಗ ಮರಳಿನ ಫಿಲ್ಟರ್ ಬೇಕೇ ಬೇಕು. ಅದರ ಎರಡೂ ಬದಿಯ ಗೇಜುಗಳಲ್ಲಿ ಒತ್ತಡದ ಅಂತರ ಹೆಚ್ಚಿದರೆ ನೀರನ್ನು ಹಿಮ್ಮುಖ ಹಾಯಿಸಿ ತೊಳೆಯಿರಿ. ಡ್ರಿಪ್‌ನ ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿ, ಹಸಿರು ಲೋಳೆ ಹೋಗಿ ತಿಳಿನೀರು ಬರುವವರೆಗೆ ಹರಿಯಬಿಡಿ.

ಮೀನು ಸಾಕಿದ್ದರೆ ಪಾಚಿ ಕೊಲ್ಲಲೆಂದು ಮೈಲುತುತ್ತ ಸುರಿಯಲೇಬೇಡಿ. ಅದು ಮೀನಿಗೆ ವಿಷ. ಸಾಲದ್ದಕ್ಕೆ, ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಬೆಳಗಿನ ಜಾವ ಮೀನುಗಳು ಸಾಯುತ್ತವೆ. ಅನುಮಾನ ಬಂದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ.