ಸುಡಲಿಕ್ಕೊಂದು ಬೋರ್ಡ್ ಬೇರೆ ಇರಲಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ತಲುಪದ ಶಹಾಪುರ, ಸುರಪುರದ ಹೊಲಗಳಲ್ಲಿ ಬೋರ್‌ವೆಲ್ಲೇ ಆಧಾರ. ತ್ರೀ ಫೇಸ್ ಕರೆಂಟ್ ಅಪರಾತ್ರಿ ಬಂದರೆ ಮೊಬೈಲ್ ಸ್ಟಾರ್ಟರ್ ಇದ್ದವರು ಮನೆಯಿಂದಲೇ ಕರೆ ಮಾಡಿ ಮೋಟರ್ ಚಾಲೂ ಮಾಡುತ್ತಾರೆ. ಆ ಡಬ್ಬಿಯಲ್ಲಿ ಸಿಮ್‌ಗೂ ರಿಲೇಗೂ ನಡುವೆ ಒಂದು ಮೈಕ್ರೋಕಂಟ್ರೋಲರ್ ಇರುತ್ತದೆ. ಮಾಲೀಕನ ನಂಬರಿಗಷ್ಟೇ ಅದು ಓಗೊಡುತ್ತದೆಯೋ, ಯಾರು ಕರೆ ಮಾಡಿದರೂ ಮೋಟರ್ ಹತ್ತುತ್ತದೆಯೋ? ಭಾನುವಾರ ನನ್ನ ಹತ್ತಿರ ಬರುವ ಡಿಪ್ಲೊಮಾ ಹುಡುಗರಿಗೆ ಪಾಠ ಶುರುವಾಗುವುದೇ ಈ ಪ್ರಶ್ನೆಯಿಂದ.

ಇಂಥ ಮೈಕ್ರೋಕಂಟ್ರೋಲರ್ ಕಲಿಯಲು ಇಎಸ್‌ಪಿ32 ಸಾಕು. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ತಂದ ಚಿಪ್ ಇದು. ವೈಫೈ, ಬ್ಲೂಟೂತ್ ಎರಡೂ ಇರುವ ಬೋರ್ಡ್ 500 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಯುಎಸ್‌ಬಿ ವೈರ್ ಡೇಟಾ ಹೋಗುವಂಥದ್ದೇ ಇರಲಿ. ಬರೀ ಚಾರ್ಜಿಂಗ್ ವೈರ್ ಹಾಕಿದರೆ ಲೈಟ್ ಹತ್ತುತ್ತದೆ, ಬೋರ್ಡ್ ಕಂಪ್ಯೂಟರಿಗೆ ಕಾಣುವುದಿಲ್ಲ. ಮಣ್ಣಿನ ತೇವದ ಸೆನ್ಸರನ್ನು 32ರಿಂದ 35ರವರೆಗಿನ ಪಿನ್‌ಗೆ ಕೊಡಿ. ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಇದರಲ್ಲಿ ಎರಡಿವೆ; ಎರಡನೆಯದರ ಪಿನ್‌ಗಳನ್ನು ವೈಫೈ ಚಾಲೂ ಇದ್ದಾಗ ನಂಬುವಂತಿಲ್ಲ.

ಇಷ್ಟೆಲ್ಲ ಯಾರಾದರೂ ಹೇಳಿಕೊಟ್ಟಾರು. ಹುಡುಗರ ಕಣ್ಣು ತೆರೆಸಿದ್ದು ಮೆಮರಿ. ಮನೆಯ ವೈಫೈಗೆ ಜೋಡಿಸಿದ್ದ ಬೋರ್ಡನ್ನು ಲ್ಯಾಪ್‌ಟಾಪಿಗೆ ಹಚ್ಚಿ, ಇಎಸ್‌ಪಿಟೂಲ್ ಎಂಬ ತಂತ್ರಾಂಶದಿಂದ 4 ಎಂಬಿ ಫ್ಲ್ಯಾಶ್ ಪೂರ್ತಿ ಇಳಿಸಿಕೊಂಡೆವು. ಓದಲು ಬರುವ ಅಕ್ಷರಗಳನ್ನಷ್ಟೇ ಸೋಸಿದಾಗ ಸುರಪುರದ ಹುಡುಗ ಪರದೆಯ ಮೇಲೆ ಬೆರಳಿಟ್ಟು, "ಸರ್, ಇದು ನಮ್ಮ ಮನೀದೇ ಪಾಸ್‌ವರ್ಡ್ ಅದರಿ!" ಎಂದ. ಹೊಲದಲ್ಲಿಟ್ಟ ಡಬ್ಬಿಯನ್ನು ಬಿಚ್ಚಿದವರಿಗೂ ಅದು ಹೀಗೇ ಸಿಗುತ್ತದೆ. ಎನ್‌ಕ್ರಿಪ್ಶನ್ ಯಾಕೆ ಬೇಕೆಂದು ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ಇಎಸ್‌ಪಿ32ರಲ್ಲಿ ಫ್ಲ್ಯಾಶ್ ಎನ್‌ಕ್ರಿಪ್ಶನ್ ಇದೆ, ಸಹಿ ಹಾಕಿದ ಪ್ರೋಗ್ರಾಂ ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಇದೆ. ಎನ್‌ಕ್ರಿಪ್ಶನ್ನಿನ ಕೀಲಿ ಚಿಪ್ಪಿನೊಳಗಿನ ಇ-ಫ್ಯೂಸ್‌ನಲ್ಲಿ ಕೂರುತ್ತದೆ. ಅದರ ಬಿಟ್ ಒಮ್ಮೆ 0ಯಿಂದ 1 ಆಯಿತೆಂದರೆ, ಅಂದರೆ ಸುಟ್ಟಿತೆಂದರೆ, ಮತ್ತೆ 0 ಆಗದು. ಸೆಟ್ಟಿಂಗ್ ತಪ್ಪಿದರೆ ಆ ಬೋರ್ಡಿಗೆ ಮತ್ತೆ ಪ್ರೋಗ್ರಾಂ ಹಾಕುವ ದಾರಿಯೇ ಮುಚ್ಚಿಹೋಗಬಹುದು. ಅಗ್ಗದ ಬೋರ್ಡಿನ ನಿಜವಾದ ಉಪಯೋಗ ನನಗೆ ಕಂಡದ್ದು ಇಲ್ಲಿಯೇ. ದುಬಾರಿ ಕಿಟ್ ಆಗಿದ್ದರೆ ಈ ಪಾಠಕ್ಕೆ ಯಾರೂ ಕೈಹಾಕುತ್ತಿರಲಿಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಎರಡು ಬೋರ್ಡ್ ಕೊಳ್ಳಲು ಹೇಳುತ್ತೇನೆ: ಒಂದು ದಿನನಿತ್ಯದ ಕೆಲಸಕ್ಕೆ, ಇನ್ನೊಂದು ಇ-ಫ್ಯೂಸ್ ಸುಡಲಿಕ್ಕೆ.

ಪ್ರಯೋಗವೆಲ್ಲ ಸ್ವಂತ ಬೋರ್ಡಿನ ಮೇಲೆಯೇ ನಡೆಯಲಿ. ಪಕ್ಕದ ಹೊಲದವರ ಸ್ಟಾರ್ಟರನ್ನು ಅನುಮತಿಯಿಲ್ಲದೆ ಕೆದಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೈಗೆ ಸಿಗುತ್ತೀರಿ. ಯಾದಗಿರಿ ಜಿಲ್ಲೆಯ ಐಟಿಐ, ಡಿಪ್ಲೊಮಾ ಕಾಲೇಜುಗಳ ಶಿಕ್ಷಕರಲ್ಲಿ ನನ್ನ ವಿನಂತಿ: ಲ್ಯಾಬಿಗೆ ದೊಡ್ಡ ಕಿಟ್ ತರಿಸುವ ಮೊದಲು ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಬೋರ್ಡ್ ಕೊಡಿಸಿ.